ಗೇಣುದಿಣ್ಣೆ

ಬೆಣಚನಹಳ್ಳಿಯಲ್ಲಿ ಬಸ್ಸಿಳಿದು ಕ್ವಾರಿಯ ಕಡೆಗೆ ನಡೆದರೆ ಎಡಗಡೆಗೆ ಗೇಣುದಿಣ್ಣೆ ಸಿಗುತ್ತದೆ. ಹೆಸರು ಕೇಳಿ ಬಂದವರು ದಿಣ್ಣೆಯ ಮೇಲೆಯೇ ನಿಂತುಕೊಂಡು ದಿಣ್ಣೆ ಎಲ್ಲಿದೆ ಎಂದು ವಿಚಾರಿಸುವುದುಂಟು. ಅವರ ತಪ್ಪೇನೂ ಇಲ್ಲ. ಅಲ್ಲಿ ಕಾಣುವುದು ರಸ್ತೆಯಿಂದ ಒಂದು ಗೇಣು ಮಾತ್ರ ಮೇಲೆದ್ದ ಉದ್ದನೆಯ ಬಯಲು. ಅದರ ಎರಡು ತುದಿಗಳಲ್ಲಿ ಎರಡು ಕಲ್ಲುಕಂಬಗಳು, ಕಂಬದ ನೆತ್ತಿಯಲ್ಲಿ ಹಲಗೆ, ಹಲಗೆಗೆ ಕಬ್ಬಿಣದ ಬಳೆ. ವಾಮನಮೂರ್ತಿ ಮೂರನೆಯ ಹೆಜ್ಜೆ ಇಡುವ ಮುಂಚೆ ಇಲ್ಲಿ ಗೇಣು ಹಾಕಿ ನೋಡಿದನೆಂದು ಈಚೆಗೆ ಕೆಲವರು ಹೇಳಲು ಹಿಡಿದಿದ್ದಾರೆ. ವಾಮನನಿಗೆ ಬೇರೆ ಕೆಲಸವಿರಲಿಲ್ಲವೇ? ಇಲ್ಲಿ ಗೇಣು ಹಾಕಿದವನು ನಮ್ಮ ಕಲ್ಲುಕುಟಿಗರ ಕೇರಿಯ ಚೌಡಪ್ಪ. ನನಗಿಂತ ಎರಡು ವರ್ಷ ದೊಡ್ಡವನು, ಇನ್ನೂ ಗಟ್ಟಿಯಾಗಿದ್ದಾನೆ. ನಂಬಿಕೆ ಬಾರದಿದ್ದವರು ಹೋಗಿ ಕೇಳಬಹುದು.

ಹಿಂದೆ ಒಮ್ಮೆ, ಊರಿಗೆ ಕರೆಂಟು ಬರುವುದಕ್ಕಿಂತ ಮುಂಚೆ, ನಮ್ಮ ಶಾಲೆಗೆ ಯೇಸುರತ್ನಂ ಎಂಬ ಡ್ರಿಲ್ ಮೇಷ್ಟ್ರು ವರ್ಗವಾಗಿ ಬಂದರು. ಬರುವಾಗ ಟ್ರಂಕಿನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ತಂದಿದ್ದರು. ಶಾಲೆಯ ಮಕ್ಕಳಿಗಿಂತ ಅದರ ಹುಚ್ಚು ಹತ್ತಿದ್ದು ಕ್ವಾರಿಯ ಹುಡುಗರಿಗೆ. ದಿನವೆಲ್ಲ ಸುತ್ತಿಗೆ ಬೀಸಿದ ತೋಳುಗಳಿಗೆ ಚೆಂಡು ಹತ್ತಿಯ ಉಂಡೆಯಂತೆ ಹಗುರವಾಗಿತ್ತಂತೆ. ಚೌಡಪ್ಪನ ತಂದೆ ಯಲ್ಲಬೋವಿ ಕೇರಿಯ ಹಿರಿಯ ಕೆಲಸಗಾರ. ಸುತ್ತಲ ಊರುಗಳ ದೇವಸ್ಥಾನಗಳಿಗೆ ಗರುಡಗಂಬ ನಿಲ್ಲಿಸಿದ ಕೈ. ಕಂಬದ ಕೆಲಸ ಅವನಿಗೆ ಒಪ್ಪಿಸಿ, ಚೆಂಡು ಹಾಕುವ ಬಳೆ ಹತ್ತಡಿ ಎತ್ತರದಲ್ಲಿರಬೇಕು ಎಂದಷ್ಟೇ ಹೇಳಿ ಮೇಷ್ಟ್ರು ರಜೆಗೆ ಊರಿಗೆ ಹೋದರು. ತಿರುಗಿ ಬರುವಷ್ಟರಲ್ಲಿ ಎರಡು ಕಂಬಗಳೂ ನಿಂತಿದ್ದವು, ಬಳೆಯೂ ಕೂತಿತ್ತು. ಯಲ್ಲಬೋವಿ ನಿಲ್ಲಿಸಿದ ಕಂಬಕ್ಕೆ ಅಳತೆಗೋಲು ಹಿಡಿಯುವ ಧೈರ್ಯ ಆ ಕಾಲದಲ್ಲಿ ಯಾರಿಗಿತ್ತು? ಮೇಷ್ಟ್ರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಶಹಬ್ಬಾಸ್ ಎಂದರಂತೆ.

ಮುಂದೆ ಜಿಲ್ಲೆಯ ಲೀಗಿನ ಕೆಳಗಿನ ವಿಭಾಗದಲ್ಲಿ ಬೆಣಚನಹಳ್ಳಿ ಯುವಕ ಸಂಘಕ್ಕೆ ಜಾಗ ಸಿಕ್ಕಿತು. ಅದು ದೊಡ್ಡ ಪದವಿಯೇನಲ್ಲ. ಬ್ಯಾಂಕಿನವರು, ಕಾಲೇಜಿನವರು, ಗಿರಣಿಯವರು ಆಡುತ್ತಿದ್ದ ಸಣ್ಣ ಲೀಗು. ಆದರೆ ಚೌಡಪ್ಪನಿಗೆ ಅದೇ ಸರ್ವಸ್ವವಾಗಿತ್ತು. ಕಚೇರಿಗೆ ಹೋದರೆ ಬಾಗಿಲ ಹೊರಗೆ ನಿಲ್ಲಿಸಿ ಮಾತಾಡಿಸುತ್ತಿದ್ದ ಜನ ಪಂದ್ಯದ ದಿನ ಅವನನ್ನು ಕ್ಯಾಪ್ಟನ್ ಎಂದು ಕರೆದು ಕೈ ಕುಲುಕುತ್ತಿದ್ದರು. ಅಂಥ ಮರ್ಯಾದೆ ಕೇರಿಯ ಹುಡುಗರಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಲೀಗಿನಲ್ಲಿ ಕೊನೆಗೆ ನಿಂತ ತಂಡವನ್ನು ಕೈಬಿಡುವುದು ನಿಯಮ. ನಮ್ಮವರಾದರೋ ವಿಚಿತ್ರದ ತಂಡ. ಊರಿನಲ್ಲಿ ಆಡಿದರೆ ಇವರನ್ನು ಸೋಲಿಸುವವರಿಲ್ಲ. ಬಂದವರ ಚೆಂಡು ಬಳೆಯ ಕೆಳಗೇ ತಗುಲಿ ಬೀಳುತ್ತಿತ್ತು. ಹೊರಗೆ ಹೋದರೆ ಇವರ ಚೆಂಡು ಬಳೆಯನ್ನು ದಾಟಿ ಹಲಗೆಗೆ ಬಡಿದು ವಾಪಸು ಬರುತ್ತಿತ್ತು. ಗಾಳಿಯ ಕಾಟವೆಂದರು, ದೃಷ್ಟಿಯೆಂದರು, ಚೆಂಡಿಗೆ ನಿಂಬೆಹಣ್ಣು ನಿವಾಳಿಸಿದ್ದೂ ಆಯಿತು. ಹೀಗೆ ಗೆದ್ದು ಸೋತು ತಂಡ ಆ ವರ್ಷ ಕೊನೆಯ ಪಂದ್ಯದ ತನಕ ತೆವಳಿಕೊಂಡು ಬಂತು. ಅದನ್ನು ಗೆದ್ದರೆ ಲೀಗಿನಲ್ಲಿ ಉಳಿವು, ಸೋತರೆ ಮನೆ. ಪುಣ್ಯಕ್ಕೆ ಆ ಪಂದ್ಯ ನಮ್ಮೂರಿನಲ್ಲೇ ಇತ್ತು.

ಅದಕ್ಕೆ ಒಂದು ವಾರ ಮುಂಚೆ ಗಿರಣಿಯವರ ಅಂಗಳದಲ್ಲಿ ಆಡುವಾಗ ಚೌಡಪ್ಪ ಚೆಂಡಿಗೆಂದು ನೆಗೆದವನು ಕೈಯಲ್ಲಿ ಬಳೆಯನ್ನೇ ಹಿಡಿದುಬಿಟ್ಟ. ಇಳಿದವನ ಮುಖ ಬಿಳಿಚಿಕೊಂಡಿತ್ತು ಎನ್ನುತ್ತಾರೆ. ಊರಿನಲ್ಲಿ ಎಷ್ಟು ನೆಗೆದರೂ ಅವನ ಬೆರಳಿಗೂ ಬಳೆಗೂ ನಡುವೆ ಒಂದು ಗೇಣು ಉಳಿಯುತ್ತಿತ್ತು. ಅವತ್ತೂ ಸೋತು ಬಂದವನು ಮನೆಗೆ ಹೋಗದೆ ನೇರವಾಗಿ ಕಂಬದ ಬಳಿ ಹೋಗಿ ಅಳೆದ. ಕಂಬದ ಬುಡಕ್ಕಿದ್ದ ಪೀಠದ ಕಲ್ಲಿನ ಮೇಲಿನಿಂದ ಬಳೆಗೆ ಸರಿಯಾಗಿ ಹತ್ತಡಿ. ಪೀಠಕ್ಕೆ ಗೇಣು ಹಾಕಿದ. ಅದು ಸರಿಯಾಗಿ ಒಂದು ಗೇಣು. ಅಂದರೆ ನೆಲದಿಂದ ಬಳೆ ಹತ್ತಡಿಗಿಂತ ಒಂದು ಗೇಣು ಮೇಲಿತ್ತು. ಕಲ್ಲುಕುಟಿಗರಲ್ಲಿ ಕಂಬದ ಅಳತೆ ಶುರುವಾಗುವುದು ಪೀಠದ ಮೇಲಿನಿಂದ. ಪೀಠ ಭೂಮಿತಾಯಿಯ ಪಾಲು, ಅದನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿಲ್ಲ. ಯಲ್ಲಬೋವಿ ಗರುಡಗಂಬಕ್ಕೆ ಮಾಡುವಂತೆಯೇ ಇದಕ್ಕೂ ಮಾಡಿದ್ದ.

ತಂದೆಗೆ ಹೇಳಿದರೆ ಆತ ಒಪ್ಪಲಿಲ್ಲ. ತಾತನ ಕಾಲದಿಂದ ಅಳೆದದ್ದೇ ಹಾಗೆ, ತನ್ನ ಅಳತೆ ಇದುವರೆಗೆ ತಪ್ಪಿಲ್ಲ ಎಂದು ರೇಗಿದ. ಚೌಡಪ್ಪ ಮೆಲ್ಲಗೆ, "ಅಳತೆ ತಪ್ಪಿಲ್ಲ ಕಣಪ್ಪಾ. ಆದ್ರೆ ಆಡೋ ನಾವು ನಿಲ್ಲೋದು ನೆಲದ ಮೇಲೆ, ಪೀಠದ ಮೇಲಲ್ಲ" ಎಂದ. ಸುದ್ದಿ ತಿಳಿದ ಯೇಸುರತ್ನಂ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತು, ಕೊನೆಗೆ, ಇದೊಂದು ಪಂದ್ಯ ಮುಗಿಯಲಿ, ಆಮೇಲೆ ನೋಡೋಣ ಎಂದರು. ಹುಡುಗರೆಲ್ಲ ಅದಕ್ಕೇ ತಲೆಯಾಡಿಸಿದರು. ಚೌಡಪ್ಪನಿಗೂ ಒಳಗೊಳಗೆ ಅದೇ ಆಸೆಯಿತ್ತು, ಯಾರಿಗಿರುವುದಿಲ್ಲ ಹೇಳಿ? ಮರುದಿನ ಬೆಳಗ್ಗೆ ಯಲ್ಲಬೋವಿ ಮಗನನ್ನು ಕಂಬದ ಹತ್ತಿರ ಕರೆದುಕೊಂಡು ಹೋಗಿ ಒಂದೇ ಮಾತು ಕೇಳಿದ.

"ನಿನ್ನನ್ನ ಗೆಲ್ಲಿಸಬೇಕಾದ್ದು ನನ್ನ ಕಲ್ಲಾ, ನಿನ್ನ ಕೈಯಾ?"

ಚೌಡಪ್ಪ ಕ್ವಾರಿಗೆ ಹೋಗಿ ಒಂದು ಮಂಕರಿ ಕಲ್ಲುಪುಡಿ ಹೊತ್ತು ತಂದು ಪೀಠದ ಬುಡಕ್ಕೆ ಸುರಿದ. ಸೀಸ ಹೊಯ್ದು ಕೂರಿಸಿದ ಬಳೆಯನ್ನು ಕೀಳುವಂತಿರಲಿಲ್ಲ, ನಿಂತ ಕಂಬಕ್ಕೆ ಉಳಿ ಹಾಕುವುದು ಅವರಲ್ಲಿ ನಿಷಿದ್ಧ. ಆದ್ದರಿಂದ ನೆಲವನ್ನೇ ಎತ್ತಬೇಕಾಯಿತು. ಪೀಠ ಭೂಮಿತಾಯಿಯದೇ ಆದಮೇಲೆ ಅವಳೊಳಗೇ ಸೇರಲಿ ಎಂದು ಯಲ್ಲಬೋವಿ ನೆಲ ಗಟ್ಟಿಮಾಡುವ ಮೊದಲ ದಿಮ್ಮಸು ತಾನೇ ಹೊಡೆದನಂತೆ. ಎರಡನೆಯ ದಿನ ತಂಡದವರು ಮುಖ ಊದಿಸಿಕೊಂಡೇ ಬಂದು ಕೈ ಹಾಕಿದರು, ಮೂರನೆಯ ದಿನ ಕೇರಿಗೆ ಕೇರಿಯೇ ಬಂತು. ಹೆಂಗಸರು ಪುಡಿ ಹೊತ್ತರು, ನೀರು ಚಿಮುಕಿಸಿದರು. ಮೇಷ್ಟ್ರು ಮೊದಲು ಗೊಣಗಿ ಕೊನೆಗೆ ಪಂಚೆ ಎತ್ತಿ ಕಟ್ಟಿದರು. ಪಂದ್ಯದ ಹೊತ್ತಿಗೆ ಇಡೀ ಅಂಗಳ ಒಂದು ಗೇಣು ಮೇಲೆದ್ದಿತ್ತು.

ಆ ಭಾನುವಾರ ನಮ್ಮವರ ಕೈಗಳು ಹಳೆಯ ಎತ್ತರಕ್ಕೇ ಎಸೆದವು. ಕೈಗೆ ಕೂತ ಅಭ್ಯಾಸ ನಾಲ್ಕಾರು ದಿನದಲ್ಲಿ ಹೋಗುವುದೇ? ಆದರೂ ಜಗ್ಗದೆ ಆಡಿ ಒಂದೇ ಅಂಕದಿಂದ ಹಿಂದೆ ಉಳಿದಿದ್ದರು. ಕೊನೆಯಲ್ಲಿ ಚೆಂಡು ಚೌಡಪ್ಪನ ಕೈಗೆ ಬಂತು, ಎದುರಿಗೆ ತಡೆಯುವವರೂ ಇರಲಿಲ್ಲ. ಅವನು ಎಸೆದ. ಚೆಂಡು ಬಳೆಯ ಮೇಲೆ ಒಂದು ಗೇಣು ಅಂತರದಲ್ಲಿ ಹಾದು ಹಲಗೆಗೆ ಬಡಿಯಿತು. ಸೀಟಿ ಕೂಗಿತು. ಬೆಣಚನಹಳ್ಳಿ ಯುವಕ ಸಂಘ ಲೀಗಿನಿಂದ ಹೊರಬಿತ್ತು, ಮತ್ತೆ ಸೇರಲಿಲ್ಲ. ಹುಡುಗರು ಅತ್ತರು. ಯಲ್ಲಬೋವಿ ಅಂಗಳಕ್ಕಿಳಿದು ಮಗನ ಬೆವರನ್ನು ತನ್ನ ಟವಲಿನಿಂದ ಒರೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿನವರು ಆ ಜಾಗವನ್ನು ಗೇಣುದಿಣ್ಣೆ ಎನ್ನಲು ಹತ್ತಿದ್ದು ಅವತ್ತಿನಿಂದ.

ಈಗಲೂ ಶಾಲೆಯ ಮಕ್ಕಳು ಸಂಜೆ ಅಲ್ಲಿ ಚೆಂಡು ಪುಟಿಸುತ್ತಿರುತ್ತಾರೆ. ಜೋರು ಮಳೆ ಬಂದರೆ ಪುಡಿ ಕೊಚ್ಚಿಹೋಗಿ ಪೂರ್ವದ ಕಂಬದ ಬುಡದಲ್ಲಿ ಪೀಠದ ಒಂದು ಮೂಲೆ ಹೊರಗೆ ಇಣುಕುತ್ತದೆ. ಮಾರನೆಯ ದಿನ ಚೌಡಪ್ಪ ಮಂಕರಿ ಹೊತ್ತು ಬರುತ್ತಾನೆ. ನೋಡಲು ಬಂದ ಪರಸ್ಥಳದವರು ಯಾರಾದರೂ, ಅಷ್ಟೆಲ್ಲ ಮಾಡಿಯೂ ಸೋತಿರಂತಲ್ಲ ಅಜ್ಜಾ ಎಂದು ಕೇಳಿದರೆ ಅವನಿಗೆ ಬೇಸರವಾಗುವುದಿಲ್ಲ.

"ಸೋತ್ವಿ. ಹತ್ತಡಿಗೇ ಸೋತ್ವಿ" ಎಂದು ಹೇಳಿ, ಪುಡಿ ಸುರಿದು, ಅಂಗಾಲಿನಿಂದ ತುಳಿದು ಸಮ ಮಾಡುತ್ತಾನೆ.