ಪೀಪಾಯಿಯೊಳಗಿನ ಕುದುರಿ

ಕೂಡ್ರಿ, ಹತ್ತಿರ ಕೂಡ್ರಿ. ನಡನಡುವ ಹೂಂ ಅನ್ನಬೇಕು ಮತ್ತ! ಹೂಂ ಅನ್ನಾವರು ಇಲ್ಲಂದ್ರ ನನ್ನ ಕತಿ ಸಿಟ್ಟಾಗಿ ಅರ್ಧಾ ದಾರ್ಯಾಗ ಕುಂತುಬಿಡತೈತಿ.

ಡೋಣಿ ಹೊಳಿ ದಂಡಿ ಮ್ಯಾಲ ಒಂದೂರು. ಊರಾಗ ಕಾಶಿಬಾಯಿ ಅಂತ ಒಬ್ಬಾಕಿ. ಗಂಡ ಇಲ್ಲ. ಇರಾಂವ ಒಬ್ಬ ಮಗ, ಸಿದರಾಯ. ಅವಗ ಮೀಸಿ ಬಂದಿತ್ತು, ಬುದ್ಧಿ ಇನ್ನಾ ಬರೂದಿತ್ತು. ಎತ್ತಿನಂಥಾ ಮೈ. ಯಾವ ಕೆಲಸಕ್ಕೂ ಒಲ್ಲೆ ಅನ್ನಾಂವಲ್ಲ. ಅದ ನೋಡ್ರಿ ದೊಡ್ಡ ಪಜೀತಿ! ಹೇಳಿದ್ದನ್ನ ಹೇಳಿದಂಗ ಮಾಡತಿದ್ದ. ಬಾಗಲ ನೋಡ್ಕೋ ಅಂದ್ರ ಬಾಗಲ ಮುಂದ ಕುಂತು ಬಾಗಲಾನ ನೋಡತಿದ್ದ, ಹಿಂದಿನಿಂದ ನಾಯಿ ಬಂದು ರೊಟ್ಟಿ ಎಲ್ಲಾ ತಿಂದು ಹೋಗತಿತ್ತು.

"ನನ್ನ ಹಣ್ಯಾಗ ಏನ ಬರದೈತೋ ದೇವರ!" ಅಂತ ಕಾಶಿಬಾಯಿ ದಿನಾ ಹಣಿ ಬಡ್ಕೋತಿದ್ಲು.

ಆಕಿಗೆ ಒಂದು ಎಕರೆ ದ್ರಾಕ್ಷಿ ಪಡ ಇತ್ತು, ತ್ವಾಟ ಅನ್ರಿ. ಊರವರ ಪಡದಾಗ ಒಣಗಿಸಿ ಮನೂಕ ಮಾಡೂ ದ್ರಾಕ್ಷಿ, ಈಕಿ ಪಡದಾಗ ವೈನ್ ದ್ರಾಕ್ಷಿ. ಯಾರೋ ಬಂದು, "ಹಚ್ಚು ಕಾಕೂ, ವೈನ್ ಮಾಡಾವರು ಬಂದು ಹೇರ್ಕೊಂಡು ಹೋಗ್ತಾರ" ಅಂದಿದ್ದರು. ಹಚ್ಚಿದ್ಲು. ವೈನ್ ಮಾಡಾವರು ಬರಲಿಲ್ಲ. ಹಣ್ಣು ನೋಡಿದ್ರ ಕರ್ರಗ, ಸಣ್ಣು, ಸಿಪ್ಪಿ ದಪ್ಪ, ಒಳಗೆಲ್ಲಾ ಬೀಜ. ಪ್ಯಾಟ್ಯಾಗ ಮಂದಿ ಒಂದು ಬಾಯಾಗ ಹಾಕ್ಕೊಂಡು ಮುಖಾ ಕಿವಚತಿದ್ರು. ಆದ್ರ ಬಳ್ಳಿ ಕೀಳಾಕ ಕಾಶಿಬಾಯಿಗೆ ಮನಸಿಲ್ಲ. ಗಂಡ ತೀರಿಕೊಂಡ ವರ್ಷ ಕೊಡಾ ಹೊತ್ತು ನೀರು ಹಾಕಿ ಬೆಳಿಸಿದ ಬಳ್ಳಿ ಅವು. ಮಗನ ಮ್ಯಾಲ ಎಷ್ಟು ಜೀವ ಇತ್ತೋ ಅವುಗಳ ಮ್ಯಾಲೂ ಅಷ್ಟ ಜೀವ.

ಅದ ಊರಾಗ ಮಲಕಾಜಪ್ಪ ಅನ್ನಾಂವ ಬೀರ್ ಮಾಡೂದು ಕಲ್ತು, ಪರವಾನಿಗಿ ತಗೊಂಡು, ಹೊಲದ ಶೆಡ್ಡಿನಾಗ ಭಟ್ಟಿ ಹೂಡಿದ್ದ. ಅವನ ತಲ್ಯಾಗ ಒಂದು ಹುಳ ಹೊಕ್ಕಿತು. ಕಾಶಿಬಾಯಿ ದ್ರಾಕ್ಷಿ ಒಯ್ದ, ಜಜ್ಜಿದ, ಬೀರಿನ ಕೂಡ ಒಂದು ದೊಡ್ಡ ಕಟ್ಟಿಗಿ ಪೀಪಾಯಿಗೆ ಹಾಕಿ ಮುಚ್ಚಿಬಿಟ್ಟ. ಎರಡು ವರ್ಷ! ಊರ ಮಂದಿ ನಕ್ಕಿದ್ದ ನಕ್ಕಿದ್ದು. "ಬೀರ್ ಹುಳಿ ಆತಂದ್ರ ಮಂದಿ ಚೆಲ್ಲತಾರ, ಇಂವ ಹುಳಿ ಆಗಲಿ ಅಂತ ಕಾಯಾಕತ್ಯಾನಲ್ಲೋ!"

"ನಗ್ರಿ, ನಗ್ರಿ" ಅಂದ ಮಲಕಾಜಪ್ಪ. ಎರಡು ವರ್ಷ ತುಂಬಿದ ಮ್ಯಾಲ ಕಾಶಿಬಾಯಿ ಮನಿಗೆ ಬಂದು ಹೇಳಿದ, "ಕಾಕೂ, ಬರೂ ಸೋಮವಾರ ಬೆಳಗಾವಿಯಿಂದ ರೋಹಿಣಿಬಾಯಿ ಬರ್ತಾರ. ದೊಡ್ಡ ಹೊಟೇಲಿನವರು, ನಾಲಿಗಿ ಭಾಳ ಚುರುಕು. ಅವರು ರುಚಿ ನೋಡಿ ಹೂಂ ಅಂದ್ರ, ವರ್ಷಾ ನಿನ್ನ ದ್ರಾಕ್ಷಿ ಎಲ್ಲಾ ನನಗ ಬೇಕು. ಒಲ್ಲೆ ಅಂದ್ರ, ಏನೂ ಮಾಡಾಕ ಬರೂದಿಲ್ಲ, ಬಳ್ಳಿ ಕಿತ್ತು ತೊಗರಿ ಬಿತ್ತು. ಅಲ್ಲೀತನಕ ಸಿದರಾಯನ್ನ ಕಳಸು, ಪೀಪಾಯಿ ಸರಸಾಕ ಗಟ್ಟಿ ಆಳು ಬೇಕು."

ಕಾಶಿಬಾಯಿ ಬೆರಳ ಮಡಚಿ ದಿನಾ ಎಣಿಸಿದ್ಲು. ಬಳ್ಳಿ ಉಳಿಯೂದೂ ಸೋಮವಾರ, ಹೋಗೂದೂ ಸೋಮವಾರ. ಮ್ಯಾಲ ಈ ಮಗನ್ನ ಬ್ಯಾರೆ ಕಳಸಬೇಕು!

ಶುಕ್ರವಾರ ಸಿದರಾಯ ಹೋದ. ಮಲಕಾಜಪ್ಪ ಪೀಪಾಯಿಯಿಂದ ಒಂದು ಚರಿಗಿ ಬೀರ್ ತಗದ, "ಒಂದೀಟು ರುಚಿ ನೋಡಿ ಹ್ಯಾಂಗೈತಿ ಹೇಳಲೇ" ಅಂತ ಕೈಯಾಗ ಕೊಟ್ಟು ಆ ಕಡೆ ಹೋದ. ಸಿದರಾಯ ಗಟಗಟ ಗಟಗಟ ಕುಡದ. ಚರಿಗಿ ಖಾಲಿ! ಚೀಲದ ಮ್ಯಾಲ ಬಿದ್ದು ಸಂಜೀತನಕ ಗೊರಕಿ ಹೊಡದ.

"ಅಯ್ಯ ಹುಚ್ಚ ಖೋಡಿ!" ಅಂದ್ಲು ಅವ್ವ. "ರುಚಿ ನೋಡೂದಂದ್ರ ಬಾಯಾರಿಕಿ ಕಳ್ಕೊಳ್ಳೂದಲ್ಲೋ! ಮಲಕಾಜಪ್ಪ ಮಾಡೂದು ನೋಡಿಲ್ಲೇನು? ಮೊದಲ ಗರಗರ ತಿರುಗಿಸಬೇಕು. ಮೂಗು ಹಚ್ಚಿ ಮೂಸಬೇಕು. ಒಂದು ಗುಟುಕು ತಗೊಂಡು ಬಾಯಾಗ ಮುಕ್ಕಳಿಸಿ ಬಕೀಟಿನಾಗ ಉಗುಳಬೇಕು. ಹುಳಿ ಸಾಲದಿದ್ರ 'ಇನ್ನೊಂದು ವರ್ಷ ಇಡ್ರಿ' ಅನಬೇಕು. ತಿಳೀತಿಲ್ಲೋ?"

"ತಿಳೀತವ್ವ! ಮುಂದಿನ ಸಲ ಹಂಗ ಮಾಡ್ತೀನಿ."

ಮಾಡಿದ, ಮಾಡಿದ! ಮರುದಿನ ಶನಿವಾರ. ಸೋಮವಾರದ ಕೆಲಸ ಚಲೋ ಆಗಲಿ ಅಂತ ಅವ್ವ ಒಂದು ಕಾಯಿ ಕೊಟ್ಟು ಹಣಮಪ್ಪನ ಗುಡಿಗೆ ಕಳಸಿದ್ಲು. ಪೂಜಾರಿ ಕಾಯಿ ಒಡದ, ಅಂಗೈಯಾಗ ತೀರ್ಥ ಹಾಕಿದ. ಸಿದರಾಯ ಅಂಗೈ ಗರಗರ ತಿರುಗಿಸಿದ. ಮೂಗು ಹಚ್ಚಿ ಮೂಸಿದ. ಬಾಯಾಗ ಹಾಕ್ಕೊಂಡು ಗುಳುಗುಳು ಮುಕ್ಕಳಿಸಿದ. ಉಗುಳಾಕ ಬಕೀಟ ಇರಲಿಲ್ಲ, ಆರತಿ ತಟ್ಟ್ಯಾಗ ಪಚಕ್ ಅಂತ ಉಗುಳಿದ! ಉಗುಳಿ ಹೇಳ್ತಾನ, "ಹುಳಿ ಸಾಲದು ಪೂಜಾರ್ರ, ಇನ್ನೊಂದು ವರ್ಷ ಇಡ್ರಿ!"

ಪೂಜಾರಿ ಗಂಟಿ ಕೋಲು ತಗೊಂಡು ಮನಿತನಕ ಬೆನ್ನ ಹತ್ತಿದ.

"ಅಯ್ಯಯ್ಯ, ಕುಲಗೇಡಿ ಮಗನ! ತೀರ್ಥ ಯಾರರೆ ಉಗುಳ್ತಾರೇನೋ!" ಅವ್ವ ಪೂಜಾರಿ ಕಾಲಿಗೆ ಬಿದ್ಲು, ಆಮ್ಯಾಲ ಮಗನ ಕಿವಿ ಹಿಡದ್ಲು. "ಹಿರ್ಯಾರು ಕೊಟ್ಟದ್ದನ್ನ ಎರಡೂ ಕೈಲೆ ಇಸ್ಕೋಬೇಕು. ಕಣ್ಣಿಗೆ ಒತ್ಕೋಬೇಕು. ಒಂದು ಹನಿ ಬಿಡದ ಕುಡಿಬೇಕು. ಹಸಿ ಕೈ ತಲಿಗೆ ಒರಸ್ಕೋಬೇಕು!"

"ತಿಳೀತವ್ವ! ಮುಂದಿನ ಸಲ ಹಂಗ ಮಾಡ್ತೀನಿ."

ರವಿವಾರ ಮುಂಜಾನೆ ಮಲಕಾಜಪ್ಪ ಹಳೇ ಪೀಪಾಯಿ ತೊಳ್ಯಾಕತ್ತಿದ್ದ. ತಳದಾಗಿನ ಮಡ್ಡಿ, ಕೊಳೆತ ದ್ರಾಕ್ಷಿ ಸಿಪ್ಪಿ, ಎಲ್ಲಾ ಒಂದು ಬಕೀಟಿಗೆ ತುಂಬಿ ಸಿದರಾಯನ ಕೈಯಾಗ ಕೊಟ್ಟ. ಹಿರ್ಯಾರು ಕೊಟ್ಟರಲ್ರಿ! ಇಂವ ಎರಡೂ ಕೈಲೆ ಇಸ್ಕೊಂಡ. ಕಣ್ಣಿಗೆ ಒತ್ಕೊಂಡ. ಬಕೀಟ ಎತ್ತಿ ಬಾಯಿಗೆ ಹಚ್ಚಿದ. ಮಲಕಾಜಪ್ಪ "ಏ, ಏ!" ಅನ್ನೂದ್ರಾಗ ಅರ್ಧಾ ಒಳಗ! ಉಳಿದಿದ್ದನ್ನ ತಲಿಗೆ ಒರಸ್ಕೊಂಡ. ಮುಖ ನೇರಳಿ, ಮೀಸಿ ನೇರಳಿ, ಕಿವಿಯೊಳಗ ದ್ರಾಕ್ಷಿ ಬೀಜ. ಹೊಟ್ಟಿ ಗುಡುಗುಡು ಅಂತ ಗುಡುಗಿ ಮೂರು ಸಲ ಹಿತ್ತಲಕ್ಕ ಓಡಿದ.

"ನನ್ನ ಹಡದೊಟ್ಟಿ ಸುಡಲಿ!" ಅಂತ ಅವ್ವ ಕೊಡಗಟ್ಟಲೆ ನೀರು ಹಾಕಿ ತಲಿ ತಿಕ್ಕಿದ್ಲು. ತಿಕ್ಕಿದಷ್ಟೂ ನೇರಳಿ! "ಅದು ಚೆಲ್ಲೂದಲ್ಲೇನೋ! ಹುಳಿ ನಾರೂದು ಕಂಡ್ರ ಹಿಂದ ಮುಂದ ನೋಡಬಾರದು, ಸೀದಾ ಒಯ್ದು ತಿಪ್ಪಿಗಿ ಸುರುವಬೇಕು!"

"ತಿಳೀತವ್ವ! ಮುಂದಿನ ಸಲ ಹಂಗ ಮಾಡ್ತೀನಿ."

ಮುಂದಿನ ಸಲ ಬರಾಕ ಭಾಳ ಹೊತ್ತು ಹಿಡಿಲಿಲ್ಲ. ಅವತ್ತ ಮಧ್ಯಾಹ್ನ ಬಾಜೂಮನಿ ಗಂಗವ್ವನ ಮಗಳ ಕುಬಸ. ಬಸುರಿ ಹೆಣ್ಣಮಗಳಿಗೆ ಹಸರ ಸೀರಿ ಉಡಿಸಿದ್ರು, ಊರ ಹೆಣ್ಣಮಕ್ಕಳೆಲ್ಲಾ ಉಣ್ಣಾಕ ಕುಂತಿದ್ರು. ಪಡಸಾಲ್ಯಾಗ ಮೂರು ಗಡಿಗಿ ಮಜ್ಜಿಗಿ. ಸಿದರಾಯ ಬಂದ, ಮೂಸಿದ. ಹುಳಿ! ಹಿಂದ ನೋಡಲಿಲ್ಲ, ಮುಂದ ನೋಡಲಿಲ್ಲ. ಒಂದು ಗಡಿಗಿ ತಿಪ್ಪಿಗೆ! ಎರಡನೇ ಗಡಿಗಿ ತಿಪ್ಪಿಗೆ! ಮೂರನೇದು ಸುರುವೂವಾಗ ಗಂಗವ್ವ ಬಂದು ಹೊಯ್ಕೊಂಡ್ಲು, "ಯಕ್ಕಾ ಕಾಶಿಬಾಯೀ, ನಿನ್ನ ಮಗ ನನ್ನ ಮರ್ಯಾದಿ ತಿಪ್ಪಿಗೆ ಹಾಕಿದ್ನಲ್ಲss!"

ಕಾಶಿಬಾಯಿಗೆ ಈ ಸಲ ಅಳೂನ ಬಂತು. ಕಟ್ಟಿ ಮ್ಯಾಲ ಕುಂತು ಸೆರಗಿಲೆ ಕಣ್ಣ ಒರಸ್ಕೊಂಡು ಹೇಳಿದ್ಲು. "ಹುಳಿ ಆದದ್ದೆಲ್ಲಾ ಕೆಟ್ಟಿರೂದಿಲ್ಲಪ್ಪಾ. ಒಳಗ ನೊಣ ಬಿದ್ದಿತ್ತೇನು? ಕೂದಲ ಬಿದ್ದಿತ್ತೇನು? ಏನರೆ ಬಿದ್ದೈತಿ ಅಂತ ಅನುಮಾನ ಬಂದ್ರ, ಬಂದ ಮಂದಿಗೆ ಕಾಣದಂಗ, ಕೈ ಹಾಕಿ, ತಳತನಕ ಹುಡುಕಿ ತಗಿಬೇಕು. ಬಂದವರ ಮುಂದ ಮಾನ ಉಳಿಸ್ಕೋಬೇಕು. ಇಷ್ಟರೆ ತಲ್ಯಾಗ ಇಟ್ಕೋ."

"ತಿಳೀತವ್ವ! ಮುಂದಿನ ಸಲ ಹಂಗ ಮಾಡ್ತೀನಿ."

ಸೋಮವಾರ ಬಂತು. ಕಾಶಿಬಾಯಿ ಮಗನ್ನ ಪೀಪಾಯಿ ಬಾಜೂಕ ಕುಂಡ್ರಿಸಿ, "ಬಾಯಿ ತಗದ್ರ ನೋಡು!" ಅಂದ್ಲು. ರೋಹಿಣಿಬಾಯಿ ಕಾರಿನಿಂದ ಇಳದ್ಲು. ಮಲಕಾಜಪ್ಪ ಗ್ಲಾಸಿನಾಗ ಬೀರ್ ಹಾಕಿಕೊಟ್ಟ. ಕೆಂಪಗ, ದಾಳಿಂಬರಿ ಬಣ್ಣ. ಆಯಮ್ಮ ಗರಗರ ತಿರುಗಿಸಿದ್ಲು. ಮೂಗು ಹಚ್ಚಿ ಮೂಸಿದ್ಲು. ಒಂದು ಗುಟುಕು ತಗೊಂಡು ಕಣ್ಣ ಮುಚ್ಚಿದ್ಲು.

"ಹೂಂ..." ಅಂದ್ಲು ರೋಹಿಣಿಬಾಯಿ. "ಹುಳಿ ಚಲೋ ಐತಿ. ಒಳಗ ಕುದುರಿ ಐತಿ ನೋಡು, ಮಲಕಾಜಪ್ಪ. ಕುದುರಿ ಮೈ ಮ್ಯಾಲಿನ ಕಂಬಳಿ. ಹಸಿ ಹುಲ್ಲು. ಹಳೇ ಜೀನದ ಚರ್ಮ. ವಾ!"

ಕುದುರಿ? ನನ್ನ ದ್ರಾಕ್ಷ್ಯಾಗ ಕುದುರಿ? ಬಳ್ಳಿ ಹೋದಂಗ ಅಂತ ಕಾಶಿಬಾಯಿ ಕಂಬಕ್ಕ ಆತು ನಿಂತ್ಲು. ಆದ್ರ ಮಲಕಾಜಪ್ಪನ ಮುಖ ನೋಡಿದ್ರ ಅರಳಿತ್ತು.

"ಕಾಕೂ, ಹೊಗಳಾಕತ್ತಾರ! ಕಟ್ಟಿಗಿ ಪೀಪಾಯ್ಯಾಗ ಪಳಗಿದ ಹುಳಿ ಬೀರಿಗೆ ಇಂಥಾ ವಾಸನಿ ಬಂದ್ರ ಭಾರಿ ಅಂತ ಲೆಕ್ಕ."

"ನಾಳೆ ಗಾಡಿ ಕಳಸ್ತೀನಿ, ಈ ಪೀಪಾಯಿ ಪೂರಾ ನನಗ" ಅಂದ್ಲು ರೋಹಿಣಿಬಾಯಿ. "ನಡೀರಿ ತಾಯಿ, ಅದರ ಬಳ್ಳಿ ತೋರಸ್ರಿ."

ಮೂರೂ ಮಂದಿ ಪಡಕ್ಕ ಹೋದ್ರು. ಕಾಶಿಬಾಯಿ ನಡಿಲಿಲ್ಲ, ಕುಣದಂಗ ಹೋದ್ಲು. ಒಂದೊಂದ ಬಳ್ಳಿ ಮುಟ್ಟಿ, "ಉಳದ್ರೆವ್ವಾ, ಉಳದ್ರಿ" ಅಂದ್ಲು.

ಇತ್ತ ಶೆಡ್ಡಿನಾಗ ಸಿದರಾಯ ಒಬ್ಬನ. ಹೊಗಳಿದ ಮಾತು ಅವನ ಕಿವಿಗೆ ಬಿದ್ದಿದ್ರೂ ತಲಿಗೆ ಹೊಕ್ಕಿರಲಿಲ್ಲ. ಒಳಗ ಕುದುರಿ! ಕಂಬಳಿ! ಚರ್ಮ! ಬಂದ ಹೆಣ್ಣಮಗಳು ವಾಸನಿ ಹಿಡದೇ ಬಿಟ್ಲಲ್ಲ! ಅವ್ವನ ಮಾನ ಹೋಗ್ತೈತಿ. ಅವರು ಬರೂದ್ರಾಗ ತಗಿಬೇಕು. ಸುತ್ತಿಗಿ ತಗೊಂಡ. ಧಡ್! ಕಬ್ಬಣದ ಪಟ್ಟಿ ಸಡಲಿತು. ಧಡ್! ಮುಚ್ಚಳ ಕಿತ್ತು ಬಂತು. ಕೈ ಹಾಕಿದ, ತಳಾ ಸಿಗಲಿಲ್ಲ. ಹೆಗಲತನಕ ಹಾಕಿದ, ಸಿಗಲಿಲ್ಲ. ಎತ್ತಿನಂಥಾ ಮೈ ಅಂದ್ನಲ್ಲ, ಎರಡೂ ಕೈಲೆ ತಬ್ಬಿ ಪೀಪಾಯಿನ ಡುಬುಕ್ ಅಂತ ಡಬ್ಬ ಹಾಕಿದ!

ಮೂರೂ ಮಂದಿ ತಿರುಗಿ ಬಂದಾಗ ಶೆಡ್ಡಿನಿಂದ ಹೊರಗ ಕೆಂಪು ಹಳ್ಳ ಹರ್ಯಾಕತ್ತಿತ್ತು. ಎರಡು ವರ್ಷದ ಬೀರ್! ಒಳಗ ಮಲಗಿದ ಪೀಪಾಯಿ, ಪೀಪಾಯಿಯಿಂದ ಹೊರಗ ಎರಡು ಕಾಲು.

ಮಲಕಾಜಪ್ಪ ಕೆಸರಾಗ ಹಂಗ ಕುಂತ. ಕಾಶಿಬಾಯಿ ಎರಡೂ ಕೈಲೆ ಹಣಿ ಬಡ್ಕೊಂಡ್ಲು. ಬಳ್ಳಿ ಈಗರ ಉಳದಿದ್ವು, ಈಗ ಹೋದವು! ರೋಹಿಣಿಬಾಯಿ ಮುಂದ ಹೋಗಿ ಆ ಕಾಲಿಗೆ ಕೇಳಿದ್ಲು, "ಏನಪಾ, ಏನ ಹುಡುಕಾಕತ್ತಿ?"

ಒಳಗಿನಿಂದ ಉತ್ತರ ಬಂತು, "ಕುದುರಿ ರೀ!"

ರೋಹಿಣಿಬಾಯಿ ನಗಾಕ ಹತ್ತಿದ್ಲು ನೋಡ್ರಿ! ಹೊಟ್ಟಿ ಹಿಡ್ಕೊಂಡು ನಕ್ಕಳು, ಚೀಲದ ಮ್ಯಾಲ ಕುಂತು ನಕ್ಕಳು, ಕಣ್ಣಾಗ ನೀರ ಬರೂತನಕ ನಕ್ಕಳು. ಕೈಯಾಗಿನ ಗ್ಲಾಸಿನಾಗ ಒಂದ ಗುಟುಕು ಉಳದಿತ್ತು. ಅದನ್ನ ಕುಡದು ಹೇಳಿದ್ಲು, "ಏಳೋ ಮಲಕಾಜಪ್ಪ. ಈ ರುಚಿ ನಾ ಮರಿಯೂದಿಲ್ಲ. ಈ ತಾಯಿ ಪಡದ ಹಣ್ಣು ಒಂದೂ ಬಿಡದ ತಗೊಂಡು ನಾಕು ಪೀಪಾಯಿ ತುಂಬು. ಎರಡು ವರ್ಷ ಕಾಯ್ತೀನಿ. ಆದ್ರ ಈ ಹುಡುಗನ್ನ ಪೀಪಾಯಿ ಹತ್ತಿರ ಬಿಡಬ್ಯಾಡ, ಪಡದಾಗ ಬಳ್ಳಿಗೆ ನೀರು ಹಾಕ್ಲಿ!"

ಬಳ್ಳಿ ಮತ್ತ ಉಳದ್ವು! ಕಾಶಿಬಾಯಿಗೆ ನಗಬೇಕೋ ಅಳಬೇಕೋ ತಿಳಿಲಿಲ್ಲ. ಮಗನ ಎರಡೂ ಕಾಲ ಹಿಡದು ಹೊರಗ ಜಗ್ಗಿದ್ಲು. ಹೊಡ್ಯಾಕ ಕೈ ಎತ್ತಿದ್ಲು. ಬುದ್ಧಿ ಹೇಳಾಕ ಬಾಯಿ ತಗದ್ಲು. ಹೇಳಿದ್ರ ಮತ್ತೇನ ಮಾಡ್ಯಾನು ಅಂತ ಅಂಜಿ ಬಾಯಿ ಮುಚ್ಚಿದ್ಲು.

ಮುಚ್ಚಿದ್ಲು ಖರೆ, ಮನಸ್ಸು ಕೇಳಬೇಕಲ್ರಿ. ಆಕೀನೂ ಅವನ ಹಡದ ತಾಯಿನ! ಆ ಕಡೆ ಈ ಕಡೆ ನೋಡಿ, ಯಾರಿಗೂ ಕೇಳದಂಗ ಮಗನ ಕಿವ್ಯಾಗ ಕೇಳಿದ್ಲು, "ಖರೇನ ಒಳಗ ಕುದುರಿ ಇರಲಿಲ್ಲೇನೋ?"

"ಇಲ್ಲವ್ವ" ಅಂದ ಸಿದರಾಯ, ಮೀಸಿಯಿಂದ ಬೀರ್ ತೊಟ್ಟಿಕ್ಕತಿತ್ತು. "ತಳತನಕ ನೋಡೀನಿ. ಹುಲ್ಲೂ ಇಲ್ಲ, ಕಂಬಳಿನೂ ಇಲ್ಲ. ಹುಲ್ಲು ತಿಂದು, ಕಂಬಳಿ ಹೊತ್ಕೊಂಡು, ನಾವು ಬರೂಕಿಂತ ಮೊದಲ ಹೊಂಟು ಹೋಗೇತಿ!"