ಮೋನಮ್ಮನ ಕೊಳವೆಗನ್ನಡಿ

ಬಹಳ ಹಿಂದಿನ ಮಾತು. ಬಯಲುಸೀಮೆಯ ಊರೊಂದರಲ್ಲಿ, ಸೂರ್ಯ ಸಿಡಿದಾಗ ಅವನ ಕಿಡಿ ನೆಟ್ಟಗೆ ನೆಲಕ್ಕಿಳಿಯುತ್ತದೆ, ಇಳಿದಲ್ಲಿ ಜ್ವರ ಏಳುತ್ತದೆ ಎಂದು ಎಲ್ಲರೂ ನಂಬಿದ್ದರು. ಆ ಕಿಡಿಯನ್ನು ಯಾರೂ ಕಂಡಿರಲಿಲ್ಲ. ನಂಬುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಆ ಊರಲ್ಲಿ ಮೋನಮ್ಮ ಎಂಬ ಕಂಚುಗಾರ್ತಿ ಇದ್ದಳಂತೆ. ಗಂಡ ಸತ್ತ ಮೇಲೆ ಅವನ ಕುಲುಮೆಯ ಮುಂದೆ ತಾನೇ ಕೂತಳಂತೆ. ಅವಳು ಉಜ್ಜಿದ ತಂಬಿಗೆಯ ಮೇಲೆ ನೊಣ ಕೂತರೆ ಜಾರಿ ಬೀಳುತ್ತಿತ್ತಂತೆ. ನೊಣದ ಮಾತು ಬಿಡಿ, ಕೈ ಚೆನ್ನಾಗಿತ್ತು.

ಒಮ್ಮೆ ಸೂರ್ಯನನ್ನು ಅಭ್ಯಾಸ ಮಾಡುವ ಸಾಹೇಬರೊಬ್ಬರು ಬಂದರಂತೆ. ಸೂರ್ಯ ಸಿಡಿದಾಗ ಹೊರಡುವ ಎಕ್ಸ್‌ರೇ ಹಿಡಿಯುವ ದೂರದರ್ಶಕ ಕಟ್ಟುತ್ತಿದ್ದರಂತೆ. ಅದನ್ನು ದೊಡ್ಡ ಬಲೂನಿಗೆ ಕಟ್ಟಿ ಮೋಡದಾಚೆಗೆ ಬಿಡುವವರು. ಅದಕ್ಕೆ ಕನ್ನಡಿ ಬೇಕು, ತಟ್ಟೆಯ ಹಾಗಲ್ಲ, ಕೊಳವೆಯ ಹಾಗೆ, ಒಳಮೈ ಹೊಳೆಯಬೇಕು ಅಂದರಂತೆ. ಮೋನಮ್ಮ ಮಾಡಿಕೊಡುತ್ತೇನೆ ಅಂದಳಂತೆ. ಓಣಿಯೆಲ್ಲ ನಕ್ಕಿತು.

“ಕೊಳವಿಯೊಳಗ ಮಾರಿ ನೋಡ್ಕೊಳ್ಳೋರು ಯಾರವ್ವ, ಇಲಿಗಳೇನು?” ಅಂದ ಅವಳ ಭಾವ ಕಾಳಪ್ಪ. ಕಂಚುಗಾರರ ಹಿರಿಯ ಅವನು.

“ಕೆರೀಗೆ ನೆಟ್ಟಗ ಒಗದ ಕಲ್ಲು ಮುಳುಗತೈತ್ರಿ ಭಾವಾರ. ಓರೆ ಒಗದದ್ದು ಜಿಗಕೋತ ಹೋಗತೈತಿ. ಈ ಕಿರಣಾನೂ ಹಂಗ ಅಂತ, ಕನ್ನಡೀಗೆ ಓರೆ ಬಡದ್ರಷ್ಟ ಜಿಗೀತೈತಿ, ಅದಕ್ಕ ಕೊಳವಿ. ತಿಳೀಲಿಲ್ಲಂದ್ರ ಬಿಡ್ರಿ.”

ಕನ್ನಡಿ ಕೆಲಸಕ್ಕೆ ಬಾರದಿದ್ದರೆ ಕುಲುಮೆ ತನ್ನದು ಎಂದು ಕಾಳಪ್ಪ ಹತ್ತು ಜನರ ಮುಂದೆ ಅವಳಿಂದ ಮಾತು ತೆಗೆದುಕೊಂಡನಂತೆ. ಅವಳು ಹೂಂ ಅಂದಳಂತೆ. ಅದೊಂದು ಹೋದರೆ ಅವಳಿಗೆ ಬೇರೆ ಅನ್ನವಿರಲಿಲ್ಲ.

ಏಳು ತಿಂಗಳು ಉಜ್ಜಿದಳಂತೆ. ಕೆಲವರು ಏಳು ವರ್ಷ ಅನ್ನುತ್ತಾರೆ. ಮುಗಿದ ಪಾತ್ರೆಯ ಒಳಗೆ ಕುಂಕುಮದ ಬೊಟ್ಟಿಡದೆ ಮನೆ ದಾಟಿಸಬಾರದು ಎಂಬುದು ಓಣಿಯ ಕಟ್ಟಳೆ. ಮೋನಮ್ಮ ಭಕ್ತಿಯಿಂದ ಇಟ್ಟಳು. ಸಾಹೇಬರು ಒಳಗೆ ಇಣುಕಿ ತಲೆಯ ಮೇಲೆ ಕೈ ಹೊತ್ತರಂತೆ. ಬೆರಳು ಒತ್ತಿದ ಕಡೆ ಹೊಳಪು ಸತ್ತಿತ್ತು.

ಅವಳು ಮತ್ತೆ ಮೊದಲಿಂದ ಉಜ್ಜಿದಳಂತೆ. ಈ ಸಲ ಬೊಟ್ಟಿಡಲಿಲ್ಲ. ಬರಿಹಣೆಯ ಪಾತ್ರೆ ಸೂರ್ಯನಿಗೆ ಒಯ್ದರೆ ಊರಿಗೇ ಜ್ವರ ಎಂದು ಕಾಳಪ್ಪ ಓಣಿ ತುಂಬ ಸಾರಿದನಂತೆ.

ಬಲೂನು ಏರಿತು. ಮೇಲಿನ ಸುದ್ದಿ ರೇಡಿಯೊದಲ್ಲಿ ಇಳಿದು, ಸಾಹೇಬರ ಡೇರೆಯಲ್ಲಿ ಪೆನ್ನೊಂದು ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಮಧ್ಯಾಹ್ನದವರೆಗೆ ಗೆರೆ ಮಲಗಿಯೇ ಇತ್ತು. ಕಾಳಪ್ಪ ಕುಲುಮೆಗೆ ಹಾಕಲೆಂದು ಬೀಗ ಹಿಡಿದೇ ಬಂದಿದ್ದನಂತೆ.

ಆಗ ಸೂರ್ಯ ಸಿಡಿದ. ಪೆನ್ನು ಕಾಗದದ ಅಂಚಿಗೆ ಜಿಗಿಯಿತು. ಸಾಹೇಬರು ಕುಣಿದರಂತೆ.

“ಭಾವಾರ, ತಂದ ಬೀಗ ದಂಡ ಮಾಡಬ್ಯಾಡ್ರಿ,” ಅಂದಳಂತೆ ಮೋನಮ್ಮ. “ನಿಮ್ಮ ಬಾಯಿಗೆ ಹಾಕ್ಕೋರಿ.”

ಸಾಯುವವರೆಗೂ ಕುಲುಮೆ ಅವಳದಾಗಿಯೇ ಉಳಿಯಿತು. ಆಮೇಲೆ ಕಥೆ ಬೆಳೆಯಿತು. ಅವಳು ಸೂರ್ಯನನ್ನು ಹೆಸರು ಹಿಡಿದು ಕರೆದಳಂತೆ, ಅವನು ಓಗೊಟ್ಟನಂತೆ. ಇಂದಿಗೂ ರಥಸಪ್ತಮಿಯ ಬೆಳಿಗ್ಗೆ ಆ ಊರಿನ ಹೆಂಗಸರು ಕಂಚಿನ ಪಾತ್ರೆಗಳನ್ನು ಬೆಳಗಿ, ಬಾಯಿ ಸೂರ್ಯನ ಕಡೆಗೆ ಮಾಡಿ ಮಾಳಿಗೆಯ ಮೇಲಿಡುತ್ತಾರೆ. ಸಿಡಿದದ್ದು ಪಾತ್ರೆಯಲ್ಲಿ ಬಿದ್ದರೆ ಮನೆಯೊಳಗೆ ಜ್ವರ ಬಾರದಂತೆ.

ಆ ಕಿರಣ ನೆಲಕ್ಕೆ ಬರುವುದೇ ಇಲ್ಲ. ಗಾಳಿ ಅದನ್ನು ಮೇಲೆಯೇ ನುಂಗಿಬಿಡುತ್ತದೆ.