ಮೈಗೆ ಬಳಿದ ಮಣ್ಣು

ಹೊಳೆಯ ದಂಡೆಯ ಮೇಲೆ ರೇವಣಾರ್ಯರ ವಿದ್ಯಾಪೀಠವಿತ್ತು. ಅಲ್ಲಿ ವ್ಯಾಕರಣ, ತರ್ಕ ಹೇಗೋ ಗರಡಿಯೂ ಹಾಗೇ, ಬಿಡುವಂತಿಲ್ಲದ ಪಾಠ. ಬೆಳಗಾಗುತ್ತಲೇ ಸರದಿಯವನು ಗುದ್ದಲಿ ಹಿಡಿದು ಗರಡಿಯ ಕೆಮ್ಮಣ್ಣು ಅಗೆದು ಸಡಿಲ ಮಾಡಬೇಕು. ಆಮೇಲೆ ಚಿಕ್ಕವರು, ದೊಡ್ಡವರು ಬೇರೆ ಬೇರೆ ಪಾಳಿಯಲ್ಲಿ ದಂಡ, ಬಸ್ಕಿ ತೆಗೆದು ಕುಸ್ತಿ ಹಿಡಿಯಬೇಕು. ಮುಗಿಸಿದವರು ಅದೇ ಮಣ್ಣುಮೈಯಲ್ಲಿ ಗುರುಗಳ ಜಗಲಿ ಹತ್ತಿ, ಅಡ್ಡಬಿದ್ದು, ಹೊಳೆಗೆ ಸ್ನಾನಕ್ಕೆ ಹೋಗುವುದು ವಾಡಿಕೆ.

ಶಂಭುಲಿಂಗನಿಗೆ ಗರಡಿ ಅಂದರೆ ಆಗದು. ಓದಿನಲ್ಲಿ ಅವನನ್ನು ಮೀರಿಸುವವರಿಲ್ಲ ನೋಡಿ, ಅದು ತಲೆಗೇರಿತ್ತು.

ಉಳಿದವರು ಬೆವರು ಸುರಿಸುವಾಗ ಅವನು ಕೊಟ್ಟಿಗೆಯ ಹಿಂದೆ ಓಲೆಗರಿ ಬಿಚ್ಚಿಕೊಂಡು ಕೂರುತ್ತಿದ್ದ. ಕೊನೆಗೆ ಮೆಲ್ಲಗೆ ಬಂದು ಎರಡು ಹಿಡಿ ಕೆಮ್ಮಣ್ಣನ್ನು ಎದೆಗೂ ಬೆನ್ನಿಗೂ ಬಳಿದುಕೊಂಡು ಜಗಲಿ ಹತ್ತುತ್ತಿದ್ದ. ಏದುಸಿರು ಬೇರೆ ಬಿಡುತ್ತಿದ್ದ, ಭೂಪ! ಗುದ್ದಲಿಯ ಸರದಿ ಬಂದರೆ ಜೊತೆಗಾರ ಕಲ್ಲಿನಾಥನಿಗೆ ಒಂದು ಸೂತ್ರ ಬಿಡಿಸಿ ಹೇಳುತ್ತಿದ್ದ. ಮಣ್ಣು ಕಲ್ಲಿನಾಥನೇ ಅಗೆಯುತ್ತಿದ್ದ.

ಗುರುಗಳಿಗೆ ವಯಸ್ಸಾಗಿತ್ತು. ಚಿಕ್ಕವರಿಗೆ ಪಾಠ ಹೇಳಲು ಶಿಷ್ಯರಲ್ಲೊಬ್ಬನನ್ನು ಆರಿಸಿ ಶಾಲು ಹೊದಿಸುವವರಿದ್ದರು. ಆ ಶಾಲಿನ ಮೇಲೆ ಶಂಭುಲಿಂಗನ ಜೀವವೇ ಇತ್ತು.

ಒಂದು ಸಂಜೆ ಗುರುಗಳು ಹೊಳೆಗೆ ಹೊರಟಾಗ ಅವನು ತಂಬಿಗೆ ಹಿಡಿದು ಹಿಂದೆ ಹೋದ.

"ಗುರುಗಳೇ, ದೇಹ ನಶ್ವರ ಅಂತ ನೀವೇ ಪಾಠ ಹೇಳ್ತೀರಿ. ನಶಿಸೋದಕ್ಕೆ ಇಷ್ಟೊಂದು ಉಪಚಾರ ಯಾಕೆ? ಗರಡಿ ತೆಗೆದುಹಾಕಿದರೆ ಆ ಹೊತ್ತಿಗೆ ಇನ್ನೊಂದು ಶಾಸ್ತ್ರ ಕಲಿಸಬಹುದಲ್ಲ?"

"ನಿನ್ನ ಗರಡಿಪಾಠ ಮುಗೀತೇನಪ್ಪಾ?"

"ಮುಗೀತಲ್ಲ ಗುರುಗಳೇ. ದಿನಾ ನನ್ನ ಮೈ ನೋಡ್ತಾನೇ ಇದ್ದೀರಿ."

"ಹೌದು, ನೋಡ್ತಾನೇ ಇದ್ದೀನಿ" ಎಂದರು ಗುರುಗಳು.

ಹೊಳೆಗಿಳಿಯುವ ಮೆಟ್ಟಿಲಿಗೆ ಪಾಚಿ ಹಿಡಿದಿತ್ತು. ಗುರುಗಳ ಕಾಲು ಜಾರಿತು. ಬಿದ್ದ ಏಟಿಗೆ ಪಾದ ಹೊರಳಿ, ಸೊಂಟದವರೆಗೂ ನೀರಿನಲ್ಲಿ ಕುಸಿದರು. ಸೆಳವು ಪಂಚೆಯನ್ನು ಹಿಡಿದು ಎಳೆಯತೊಡಗಿತು.

ಶಂಭುಲಿಂಗ ತಂಬಿಗೆ ಬಿಸಾಡಿ ನೀರಿಗಿಳಿದ. ಗುರುಗಳ ಕಂಕುಳಿಗೆ ಕೈಹಾಕಿ ಎತ್ತಿದ. ಮೇಲೇಳಲಿಲ್ಲ. ಹಲ್ಲುಕಚ್ಚಿ ಮತ್ತೆ ಎತ್ತಿದ. ತೋಳು ಗಡಗಡ ನಡುಗಿ ಅವನೇ ಗುರುಗಳ ಮೇಲೆ ಬಿದ್ದ. ಅವರ ಹಣೆ ಕಲ್ಲಿಗೆ ತಗುಲಿ ರಕ್ತ ಬಂತು.

"ಅಯ್ಯೋ ಗುರುಗಳೇ!"

"ಕೈ ಬಿಡಬೇಡ, ಅಷ್ಟು ಸಾಕು" ಎಂದರು ಗುರುಗಳು. ಚಳಿಗೆ ಅವರ ತುಟಿ ಅದುರುತ್ತಿತ್ತು.

ಕೂಗೋಣವೆಂದರೆ ಅವನಿಗೆ ಉಸಿರೇ ಇಲ್ಲ. ಈ ಸಲದ್ದು ನಿಜವಾದ ಏದುಸಿರು. ಹೇಗೋ ಒಂದು ಕೂಗು ಹೊರಟಿತು. ಕಲ್ಲಿನಾಥ ಓಡಿಬಂದು ಗುರುಗಳನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಹಿಂದೆಯೇ ಬಂದ ಚಿಕ್ಕವರೆಲ್ಲ ಶಂಭುಲಿಂಗನನ್ನೇ ನೋಡುತ್ತ ನಿಂತರು.

"ಅಣ್ಣಾ, ನೀವೂ ದಿನಾ ಗರಡಿಗೆ ಬರ್ತೀರಲ್ಲ?" ಎಂದು ಒಬ್ಬ ಕೇಳಿಯೇಬಿಟ್ಟ.

ಕಲ್ಲಿನಾಥ ತಿರುಗಿಯೂ ನೋಡಲಿಲ್ಲ, ತುಟಿಪಿಟಕ್ ಎನ್ನಲಿಲ್ಲ. ಅವನು ಬಾಯಿಬಿಟ್ಟು ಹೇಳಿಬಿಟ್ಟಿದ್ದರೇ ಶಂಭುಲಿಂಗನಿಗೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು.

ದೀಪ ಹಚ್ಚಿದ ಮೇಲೆ ಜಗಲಿಗೆ ಬಂದ. ಗುರುಗಳು ಕಾಲಿಗೆ ಅರಿಸಿನದ ಪಟ್ಟು ಹಾಕಿಸಿಕೊಂಡು ಗೋಡೆಗೆ ಒರಗಿದ್ದರು. ಹಣೆಯ ಗಾಯ ಹಾಗೇ ಕಾಣುತ್ತಿತ್ತು. ಅತ್ತ ನೋಡಲಾರದೆ ಅವನು ಕಂಬದ ಮರೆಯಲ್ಲಿ ನಿಂತ.

"ಗುರುಗಳೇ, ನಾನು ಒಂದು ದಿನವೂ ಗರಡಿ ಮಾಡಿದವನಲ್ಲ. ಮಣ್ಣು ಬಳ್ಕೊಂಡು ಬರ್ತಿದ್ದೆ."

"ಗೊತ್ತು."

"ಗೊತ್ತಿತ್ತೇ? ಯಾವಾಗಿನಿಂದ?"

"ಮೊದಲನೇ ದಿನದಿಂದ. ಬೆವರು ಬೆರೆತ ಮಣ್ಣು ಮೈಗೆ ಕಚ್ಚಿಕೊಂಡಿರುತ್ತೆ. ನೀನು ಅಡ್ಡಬಿದ್ದು ಎದ್ದರೆ ಜಗಲಿ ಮೇಲೆ ಒಣಮಣ್ಣು ಉದುರಿರೋದು."

ಶಂಭುಲಿಂಗ ನೆಲ ನೋಡಿದ. ಜಗಲಿ ಚೊಕ್ಕಟವಾಗಿತ್ತು. ಅದು ಯಾವಾಗಲೂ ಚೊಕ್ಕಟವಾಗಿಯೇ ಇರುತ್ತಿತ್ತು.

"ಗುಡಿಸ್ತಾ ಇದ್ದದ್ದು ಯಾರು ಗುರುಗಳೇ?"

"ನೀವೆಲ್ಲ ಸ್ನಾನಕ್ಕೆ ಹೋಗಿರ್ತಿದ್ರಿ. ಮತ್ಯಾರಿರ್ತಾರೆ ಇಲ್ಲಿ?"

ಅವನಿಗೆ ಅಳು ಒತ್ತರಿಸಿ ಬಂತು. ಆ ಬಗ್ಗಿದ ಬೆನ್ನು, ಆ ಪೊರಕೆ, ದಿನಾ ಬೆಳಿಗ್ಗೆ ತನ್ನ ಸುಳ್ಳನ್ನು ಗುಡಿಸಿದ ಆ ಕೈ. ಇಷ್ಟು ದಿನ ಅವರ ಕಣ್ಣಿಗೆ ಮಣ್ಣೆರಚಿದೆ ಅಂದುಕೊಂಡು ಒಳಗೊಳಗೇ ನಕ್ಕಿದ್ದನಲ್ಲ!

"ಅವತ್ತೇ ಯಾಕೆ ಬೈಯಲಿಲ್ಲ?"

"ಬೈದರೆ ನಿನಗೆ ಬೆವರು ಬರ್ತಿತ್ತೇ?"

"ಶಾಲು ಕಲ್ಲಿನಾಥನಿಗೆ ಹೊದಿಸಿ ಗುರುಗಳೇ. ನನಗೆ ಆ ಮಕ್ಕಳ ಮುಂದೆ ಕೂರೋ ಮುಖ ಇಲ್ಲ. ಇನ್ನು ಮೇಲೆ ಈ ಜಗಲಿ ಗುಡಿಸಿಕೊಂಡು ಬಿದ್ದಿರ್ತೀನಿ."

ಮೂಲೆಯಲ್ಲಿದ್ದ ಪೊರಕೆಯನ್ನು ಎತ್ತಿಕೊಂಡು, ಕಸವೇ ಇಲ್ಲದ ಜಗಲಿಯನ್ನು ಗುಡಿಸತೊಡಗಿದ. ಕಣ್ಣೀರು ನೆಲದ ಮೇಲೆ ಬೀಳುತ್ತಿತ್ತು.

ಗುರುಗಳು ಕೈ ಚಾಚಿ ಪೊರಕೆಯ ತುದಿ ಹಿಡಿದರು.

"ಪೊರಕೆ ಅಲ್ಲಿಡು. ಗುದ್ದಲಿ ಎಲ್ಲಿದೆ ಅಂತ ಗೊತ್ತೇನಪ್ಪಾ ನಿನಗೆ?"